ಮಂಡಿಪೇಟೆಯ ಮಹಡಿಯಲ್ಲಿ ತಿಂಗಳ 20

ದಾವಣಗೆರೆಯ ಮಂಡಿಪೇಟೆಯಲ್ಲಿ ತಳ್ಳುಗಾಡಿ, ಹಮಾಲರ ನಡುವೆ ದಾರಿ ಮಾಡಿಕೊಂಡು, ಒಣಮೆಣಸಿನಕಾಯಿ ಘಾಟಿಗೆ ಎರಡು ಸಲ ಸೀನಿ, ಇಕ್ಕಟ್ಟಿನ ಮೆಟ್ಟಿಲು ಹತ್ತಿದರೆ ಅಲ್ಲೊಂದು ಆಫೀಸು. ಒಂದು ಮೇಜು, ಒಂದು ಕಂಪ್ಯೂಟರು, ಬಂದವರಿಗೆ ಎರಡು ಪ್ಲಾಸ್ಟಿಕ್ ಕುರ್ಚಿ. ಕೆಲಸ ಮಾಡುವವರೂ ಒಬ್ಬರೇ. ಪೇಟೆಯವರು ಅವರನ್ನು ‘ಆಡಿಟರ್ ಮೇಡಂ’ ಅನ್ನುತ್ತಾರೆ. ‘ನಾನು ಜಿಎಸ್‌ಟಿ ಪ್ರಾಕ್ಟೀಷನರ್ ರೀ, ಆಡಿಟ್‌ಗೆ ಸಿಎ ಸಹಿ ಬೇಕು’ ಎಂದು ತಿದ್ದಿ ತಿದ್ದಿ ಸಾಕಾಗಿ ಈಗ ಸುಮ್ಮನಾಗಿದ್ದಾರೆ. ನಮ್ಮ ಊರುಗಳಲ್ಲಿ ಲೆಕ್ಕ ಬಲ್ಲವರೆಲ್ಲ ಆಡಿಟರೇ.

ನಾನು ಬೇಕೆಂದೇ 20ನೇ ತಾರೀಖು ಹೋಗಿದ್ದೆ. ತಿಂಗಳ ಜಿಎಸ್‌ಟಿಆರ್-3ಬಿ ರಿಟರ್ನ್‌ಗೆ ಅದೇ ಕಡೆಯ ದಿನ. ಬಿಲ್ಲಿನ ಗುಡ್ಡೆ, ಬಾಗಿಲಲ್ಲಿ ಜನ, ಬೈಗುಳ ಇರುತ್ತದೆಂದು ಎಣಿಸಿದ್ದೆ. ಮೇಜಿನ ಮೇಲಿದ್ದದ್ದು ಅರ್ಧ ಲೋಟ ಚಹಾ, ಒಂದು ಪೆನ್ಸಿಲ್.

‘ನನ್ನ ಕೆಲಸ 16ಕ್ಕೇ ಮುಗಿದೈತ್ರಿ. ಉಳಿದಿರೋದು ಗಿರಾಕಿಗಳ ಕೆಲಸ’ ಅಂದರು.

ಗೋಡೆಯ ಕ್ಯಾಲೆಂಡರಿನಲ್ಲಿ ಹಬ್ಬಗಳಿಗೆ ಗುರುತಿಲ್ಲ. 7, 11, 14, 20, 25ಕ್ಕೆ ಸುತ್ತು ಹಾಕಿದೆ. 7 ಟಿಡಿಎಸ್ ಕಟ್ಟಲು, 11 ಮಾರಾಟದ ಬಿಲ್ಲು ಏರಿಸಲು. ಅವರ ತಿಂಗಳ ನಡು ಇರುವುದು 14ರಲ್ಲಿ. ಅಂದು ಜಿಎಸ್‌ಟಿ ಪೋರ್ಟಲ್‌ನಲ್ಲಿ 2ಬಿ ಬರುತ್ತದೆ: ಮಾಲು ಕೊಟ್ಟವರು ಯಾವ ಯಾವ ಬಿಲ್ಲು ತೋರಿಸಿದ್ದಾರೆಂಬ ಪಟ್ಟಿ. ಅದರಲ್ಲಿ ಬಾರದ ಬಿಲ್ಲಿಗೆ 2022ರಿಂದ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯ ವಜಾ, ಇಲ್ಲ. ಎರಡು ದಿನ ಫೋನು ಸೈಲೆಂಟ್‌ಗೆ ಹಾಕಿ, ಖರೀದಿ ಪುಸ್ತಕಕ್ಕೂ 2ಬಿಗೂ ತಾಳೆ ನೋಡುತ್ತಾರೆ. ಮೊದಲು ದಿನವಿಡೀ ಫೋನು ಎತ್ತುತ್ತಾ ರಾತ್ರಿ ತಾಳೆ ನೋಡುತ್ತಿದ್ದರಂತೆ. ಒಂದೇ ಬಿಲ್ಲನ್ನು ಮೂರು ಸಲ ಹುಡುಕಿದ್ದೂ ಉಂಟು.

ಎಡಗೋಡೆಗೆ ಫೈಲಿನ ಕಪಾಟು. ಹಸಿರು, ಹಳದಿ, ಕೆಂಪು. ದೊಡ್ಡ ವಹಿವಾಟಿನವರದು ಕೆಂಪು ಇರಬೇಕು ಅಂದುಕೊಂಡೆ. ಅಲ್ಲ. ಹಸಿರು, ಕೇಳದೆ ಬಿಲ್ಲು ಕೊಡುವವರದು. ಹಳದಿ, ಎರಡು ಸಲ ಕೇಳಿಸಿಕೊಳ್ಳುವವರದು. ಕೆಂಪು, ಕಡೆಯ ದಿನ ಚೀಲ ಹೊತ್ತು ಓಡಿಬರುವವರದು. ಅವರಿಗೆ ಫೀಸೂ ಹೆಚ್ಚು. ಒಬ್ಬರೇ ನಡೆಸುವ ಆಫೀಸಿನಲ್ಲಿ ಹೊರೆ ತೂಗುವ ತಕ್ಕಡಿ ಇದೇ ಎಂದು ನನಗೂ ಅನಿಸಿತು. ಸಾವಿರ ಬಿಲ್ಲಿನ ಹಸಿರು ಫೈಲು ಒಂದು ಬೆಳಗ್ಗೆಗೆ ಮುಗಿದರೆ, ಮೂವತ್ತು ಬಿಲ್ಲಿನ ಕೆಂಪು ಫೈಲು ವಾರವಿಡೀ ತಲೆ ತಿನ್ನುತ್ತದೆ.

ವರ್ಷದ ವಹಿವಾಟು ಐದು ಕೋಟಿಯೊಳಗಿನ ಗಿರಾಕಿಗಳಲ್ಲಿ ಒಪ್ಪಿದವರನ್ನೆಲ್ಲ ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಪದ್ಧತಿಗೆ ದಾಟಿಸಿದ್ದಾರೆ. ತೆರಿಗೆ ಮಾತ್ರ ಉಳಿದ ತಿಂಗಳಲ್ಲಿ 25ರೊಳಗೆ ಕಟ್ಟಬೇಕು. ವ್ಯಾಪಾರವೇ ಇಲ್ಲದವರಿಗೆ 14409ಕ್ಕೆ ಎಸ್‌ಎಂಎಸ್ ಕಳಿಸಿ ತಾವೇ ನಿಲ್ ರಿಟರ್ನ್ ಮುಗಿಸಲು ಕಲಿಸಿಕೊಟ್ಟಿದ್ದಾರೆ. ಆ ಫೀಸು ಹೋಯಿತಲ್ಲ ಅಂದೆ. ‘ಮರೆತರೆ ದಿನಕ್ಕೆ 20 ರೂಪಾಯಿ ದಂಡ ಬೀಳತ್ತೆ, ಬೈಗುಳ ನನಗೆ ಬೀಳತ್ತೆ.’

ಮೇಜಿನ ಮೂಲೆಯಲ್ಲಿ ಸ್ಟೀಲಿನ ಮಸಾಲೆ ಡಬ್ಬಿ. ತೆರೆದರೆ ಸಾಸಿವೆ, ಜೀರಿಗೆಯ ಬಟ್ಟಲುಗಳಲ್ಲಿ ಡಿಜಿಟಲ್ ಸಹಿಯ ಡಾಂಗಲ್‌ಗಳು, ಅವಧಿ ಮುಗಿಯುವ ತಿಂಗಳು ಬರೆದ ಚೀಟಿ ಅಂಟಿಸಿಕೊಂಡು ಕೂತಿವೆ. ಅವು ಕಂಪನಿ ಮಾಲೀಕರ ಕೈಯಲ್ಲೇ ಇರಬೇಕಾದ ವಸ್ತು. ಇಲ್ಲಿ ಬಿಟ್ಟುಹೋಗುವುದು ಸರಿಯಲ್ಲವೆಂದು ಅವರಿಗೂ ಗೊತ್ತು. ಉಳಿದವರ ರಿಟರ್ನ್‌ಗೆ ಬೇಕಾದದ್ದು ಒಟಿಪಿ. ಅದು ಹೋಗುವುದು ಮಾಲೀಕರ ಮೊಬೈಲಿಗೆ, ಬಾಳುವುದು ಹತ್ತು ನಿಮಿಷ.

ಸಂಜೆ ಐದಕ್ಕೆ ಉಳಿದಿದ್ದ ಒಂದೇ ಕೆಂಪು ಫೈಲು ಹಾರ್ಡ್‌ವೇರ್ ಅಂಗಡಿಯದು. ಮಾಲೀಕರು ಹರಿಹರಕ್ಕೆ ಹೋಗಿದ್ದಾರೆ, ಮೊಬೈಲು ಮನೆಯಲ್ಲಿ. ಎತ್ತಿದ್ದು ಅವರ ಹೆಂಡತಿ.

‘ಅಕ್ಕಾ, ಈಗೊಂದು ನಂಬರ್ ಬಂದಿರತ್ತೆ, ಓದ್ರಿ.’

ಅವರು ಓದಿದರು. ಮೇಡಂ ಒತ್ತಿದರು. ತಪ್ಪು. ಬ್ಯಾಂಕಿನ ಹಳೇ ಮೆಸೇಜು.

‘ಅದಲ್ಲಕ್ಕಾ, ಅದರ ಮೇಲಿಂದು. ಬ್ಯಾಂಕಿಂದು ಇನ್ಮುಂದೆ ನನಗೂ ಹೇಳಬ್ಯಾಡ್ರಿ, ಯಾರಿಗೂ ಹೇಳಬ್ಯಾಡ್ರಿ.’

ಎರಡನೇ ಸಲ ಸರಿಹೋಯಿತು. ರಿಟರ್ನ್ ಸೇರಿದ್ದಕ್ಕೆ ಗುರುತಿನ ಸಂಖ್ಯೆ, ಎಆರ್‌ಎನ್, ಬಂತು. ಫೈಲಿನ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಗೀಟು ಬಿತ್ತು. ಆಚೆಯಿಂದ ಮಾತು ಮುಗಿದಿರಲಿಲ್ಲ: ತಮ್ಮ ಹೊಸದಾಗಿ ಪೇಂಟಿನ ಅಂಗಡಿ ಇಟ್ಟಿದ್ದಾನೆ, ಅವನದೂ ನೀವೇ ನೋಡಿಕೊಳ್ಳಬೇಕಂತೆ.

ಮೇಡಂ ಕಪಾಟಿನತ್ತ ತಿರುಗಿ ಕೇಳಿದರು: ‘ತಮ್ಮ ಯಾರ ಥರ ಅಕ್ಕಾ, ನಿಮ್ಮ ಥರಾನೋ, ನಿಮ್ಮ ಯಜಮಾನರ ಥರಾನೋ?’