ಸ್ಪ್ಯಾಮ್ ತಡೆಯುವ ‘ಬ್ಲಾಕ್‌ಲಿಸ್ಟ್’ ನಮ್ಮ ಇಮೇಲ್ ಓದುತ್ತದೆಯೇ?

ಪುತ್ತೂರು, ಸುಳ್ಯ ಅಥವಾ ಕಡಬದ ಯಾವುದೋ ಸಹಕಾರಿ ಸಂಘಕ್ಕೆ ಸ್ವಂತ ಮೇಲ್ ಸರ್ವರ್ ಇದೆ ಎಂದುಕೊಳ್ಳಿ. ಬೆಳಿಗ್ಗೆ ನೋಡಿದರೆ ಲಾಟರಿ, ಸಾಲ, ‘ನಿಮ್ಮ ಖಾತೆ ಬಂದ್ ಆಗಲಿದೆ’ ಎನ್ನುವ ಮೇಲ್‌ಗಳ ರಾಶಿ. ಅದರಡಿಯಲ್ಲಿ ಅಡಿಕೆ ಬೆಳೆಗಾರರ ವಿಮೆಯ ಪತ್ರ ಕಣ್ಣಿಗೇ ಬೀಳುವುದಿಲ್ಲ. ಈ ರಾಶಿಯನ್ನು ಬಾಗಿಲಲ್ಲೇ ತಡೆಯುವುದು ಬ್ಲಾಕ್‌ಲಿಸ್ಟ್.

ಏನಿದು?

ಸ್ಪ್ಯಾಮ್ ಕಳಿಸುವ ಕಂಪ್ಯೂಟರ್‌ಗಳ ಐಪಿ ವಿಳಾಸಗಳ ಪಟ್ಟಿ. ಇಂಥ ಮೊದಲ ಪಟ್ಟಿ 1997ರಲ್ಲಿ ಪಾಲ್ ವಿಕ್ಸಿ ಅವರಿಂದ ಶುರುವಾಯಿತು. 1998ರಲ್ಲಿ ಸ್ಟೀವ್ ಲಿನ್‌ಫೋರ್ಡ್ ಆರಂಭಿಸಿದ ಸ್ಪ್ಯಾಮ್‌ಹೌಸ್‌ನ ಪಟ್ಟಿಗಳು ಇಂದು ಬಹಳ ಕಡೆ ಬಳಕೆಯಲ್ಲಿವೆ.

ಹೇಗೆ ಕೆಲಸ ಮಾಡುತ್ತದೆ?

192.0.2.10 ಎಂಬ ವಿಳಾಸದಿಂದ ಮೇಲ್ ಬಂತೆನ್ನಿ. ನಮ್ಮ ಸರ್ವರ್ ಅದನ್ನು ತಿರುಗಿಸಿ 10.2.0.192 ಎಂದು ಬರೆದು, ಡಿಎನ್ಎಸ್ ಮೂಲಕ ಪಟ್ಟಿಯನ್ನು ಕೇಳುತ್ತದೆ. 127.0.0.2ರಂಥ ಉತ್ತರ ಬಂದರೆ ಹೆಸರು ಪಟ್ಟಿಯಲ್ಲಿದೆ, ಮೇಲ್ ವಾಪಸ್. ‘ಅಂಥದ್ದಿಲ್ಲ’ ಎಂದರೆ ಒಳಗೆ ಪ್ರವೇಶ. ಕಣ್ಣು ಮಿಟುಕಿಸುವಷ್ಟರಲ್ಲಿ ಇದೆಲ್ಲ ಮುಗಿಯುತ್ತದೆ.

ಹಾಗಾದರೆ ನಮ್ಮ ಪತ್ರ ಓದುತ್ತದೆಯೇ?

ಇಲ್ಲ. ಈ ಪರಿಶೀಲನೆ ನಡೆಯುವಾಗ ಪತ್ರದ ಒಳಗಿನ ವಿಷಯ ಇನ್ನೂ ಬಂದೇ ಇರುವುದಿಲ್ಲ. ಪಟ್ಟಿಗೆ ತಿಳಿಯುವುದು ಕಳಿಸಿದ ಯಂತ್ರದ ವಿಳಾಸ ಮಾತ್ರ.

ತಪ್ಪೇ ಆಗುವುದಿಲ್ಲವೇ?

ಆಗುತ್ತದೆ. ಸಂಘದ ಒಂದು ಕಂಪ್ಯೂಟರ್‌ಗೆ ವೈರಸ್ ಹೊಕ್ಕು ಸ್ಪ್ಯಾಮ್ ಕಳಿಸಿದರೆ, ಸಂಘದ ವಿಳಾಸವೇ ಪಟ್ಟಿ ಸೇರಬಹುದು. ಆಗ ರೈತರಿಗೆ ಕಳಿಸಿದ ನಿಜವಾದ ಪತ್ರವೂ ವಾಪಸಾಗುತ್ತದೆ. ಮನೆಯ ಬ್ರಾಡ್‌ಬ್ಯಾಂಡ್ ವಿಳಾಸಗಳಿಗೂ ಸ್ಪ್ಯಾಮ್‌ಹೌಸ್‌ನಲ್ಲಿ ಬೇರೆಯೇ ಪಟ್ಟಿ ಇದೆ. ಅದರಲ್ಲಿ ಇರುವುದು ಅಪರಾಧವಲ್ಲ. ಅಲ್ಲಿಂದ ನೇರ ಮೇಲ್ ಕಳಿಸಬಾರದು ಎಂಬ ಸೂಚನೆ ಅಷ್ಟೆ.

ಏನು ಮಾಡಬೇಕು?

ಸರ್ವರ್ ನೋಡಿಕೊಳ್ಳುವವರು ಮೊದಲು ವೈರಸ್ ತೆಗೆದು, ಪಾಸ್‌ವರ್ಡ್ ಬದಲಿಸಿ, ಬಳಿಕ ಹೆಸರು ತೆಗೆಯಲು ಕೋರಬೇಕು. ಸ್ಪ್ಯಾಮ್‌ಹೌಸ್ ಇದಕ್ಕೆ ಹಣ ಪಡೆಯುವುದಿಲ್ಲ. ‘ಸ್ಪ್ಯಾಮ್‌ಹೌಸ್ ಪಟ್ಟಿಯಿಂದ ಹೆಸರು ತೆಗೆಸಿಕೊಡುತ್ತೇವೆ, ಹಣ ಹಾಕಿ’ ಎನ್ನುವವರನ್ನು ನಂಬಬೇಡಿ.

ಇನ್ನೊಂದು ಎಚ್ಚರ: 8.8.8.8ರಂಥ ಸಾರ್ವಜನಿಕ ಡಿಎನ್ಎಸ್ ಮೂಲಕ ಕೇಳಿದರೆ ಸ್ಪ್ಯಾಮ್‌ಹೌಸ್ 127.255.255.254 ಎಂಬ ದೋಷ ಸಂಕೇತ ಕೊಡುತ್ತದೆ. ಅದನ್ನೇ ‘ಪಟ್ಟಿಯಲ್ಲಿದೆ’ ಎಂದು ಸರ್ವರ್ ಅರ್ಥ ಮಾಡಿಕೊಂಡರೆ ಬರುವ ಎಲ್ಲ ಪತ್ರಗಳೂ ಬಾಗಿಲಿಂದಲೇ ವಾಪಸ್!

ಜಿಮೇಲ್ ಬಳಸುವವರು ಇದ್ಯಾವುದನ್ನೂ ಮಾಡಬೇಕಿಲ್ಲ. ಸ್ಪ್ಯಾಮ್ ಬಂದರೆ ‘ರಿಪೋರ್ಟ್ ಸ್ಪ್ಯಾಮ್’ ಒತ್ತಿ. ಬರಬೇಕಾದ ಪತ್ರ ಬಾರದಿದ್ದರೆ ಸ್ಪ್ಯಾಮ್ ಫೋಲ್ಡರ್ ನೋಡಿ. ಅಲ್ಲೂ ಇಲ್ಲದಿದ್ದರೆ ಕಳಿಸಿದವರಿಗೊಂದು ಫೋನ್ ಮಾಡಿ: ಬಾಗಿಲಲ್ಲಿ ತಡೆದ ಪತ್ರದ ಸುದ್ದಿ ಗೊತ್ತಾಗುವುದು ಅವರಿಗೇ.