ನೂರು ಕೆಬಿಗೆ ಇಳಿಯುವ ಫೋಟೋ

ಈಗಿನ ಸಾಧಾರಣ ಮೊಬೈಲಿನ ಕ್ಯಾಮೆರಾ ಕೂಡ ಒಂದು ಕ್ಲಿಕ್ಕಿಗೆ 4000 ಅಡ್ಡ, 3000 ಉದ್ದ, ಅಂದರೆ 1.2 ಕೋಟಿ ಪಿಕ್ಸೆಲ್ ಹಿಡಿಯುತ್ತದೆ. ಒಂದೊಂದು ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿಗೆಂದು ಮೂರು ಬೈಟ್. ಒಟ್ಟು 36 ಎಂಬಿ. ಫೋನಿನೊಳಗೇ ಅದು ಮೂರೋ ನಾಲ್ಕೋ ಎಂಬಿಗೆ ಕುಗ್ಗಿರುತ್ತದೆ. ಅದನ್ನು ಜಾಲತಾಣಕ್ಕೆ ಏರಿಸಲು ಹೋದರೆ ಕೆಲವೆಡೆ ಒಂದು ಷರತ್ತು ಎದುರಾಗುತ್ತದೆ: ಚಿತ್ರ 100 ಕೆಬಿ ಮೀರಬಾರದು. ಸಿಗ್ನಲ್ಲು ಸರಿಯಾಗಿ ಸಿಗದ ಕಡೆಯೂ ಪುಟ ಬೇಗ ತೆರೆಯಬೇಕಲ್ಲ, ಷರತ್ತೇನೋ ನ್ಯಾಯವೇ. ಆದರೆ ಮೂಲದ 360 ಪಾಲಿನಲ್ಲಿ ಒಂದೇ ಪಾಲು ಉಳಿಸಿಕೊಂಡರೂ ಮುಖ ಮುಖದ ಹಾಗೇ ಕಾಣುವುದು ಹೇಗೆ?

ಇದರ ಹಿಂದಿರುವ ಗಣಿತ ಬೆಂಗಳೂರಿನಲ್ಲಿ ಹುಟ್ಟಿ, ಯುವಿಸಿಇಯಲ್ಲಿ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದ ನಾಸಿರ್ ಅಹ್ಮದ್ ಅವರದು. ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದಾಗ, 1972ರಲ್ಲಿ, ಈ ಸಂಶೋಧನೆಗೆ ಹಣ ಕೊಡಿ ಎಂದು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವನ್ನು ಕೇಳಿದರು. ಸಿಗಲಿಲ್ಲ. ಯೋಚನೆ ತೀರಾ ಸರಳವಾಯಿತು ಎಂಬರ್ಥದ ಮಾತನ್ನು ಪರಿಶೀಲಕರೊಬ್ಬರು ಬರೆದಿದ್ದರಂತೆ. ಅಹ್ಮದ್ ಅವರೇ ಮುಂದೆ ಇದನ್ನು ನೆನಪಿಸಿಕೊಂಡಿದ್ದಾರೆ. ಹಣ ಸಿಗದಿದ್ದರೂ ಅವರು ಕೆಲಸ ಬಿಡಲಿಲ್ಲ. ಶಿಷ್ಯ ಟಿ. ನಟರಾಜನ್ ಮತ್ತು ಗೆಳೆಯ ಕೆ.ಆರ್. ರಾವ್ ಜೊತೆ 1974ರ ಜನವರಿಯಲ್ಲಿ ನಾಲ್ಕೇ ಪುಟದ ಪ್ರಬಂಧ ಪ್ರಕಟಿಸಿದರು. ಅದರಲ್ಲಿದ್ದ ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’, ಅಂದರೆ ಡಿಸಿಟಿ, 1992ರಲ್ಲಿ ಬಂದ ಜೆಪೆಗ್ ಮಾನದಂಡದ ಬೆನ್ನೆಲುಬಾಯಿತು.

ಜೆಪೆಗ್ ಮೊದಲು ಬೆಳಕನ್ನೂ ಬಣ್ಣವನ್ನೂ ಬೇರೆ ಮಾಡುತ್ತದೆ. ನಮ್ಮ ಕಣ್ಣು ಬೆಳಕಿನ ಏರಿಳಿತವನ್ನು ಚುರುಕಾಗಿ ಹಿಡಿಯುತ್ತದೆ, ಬಣ್ಣದ ವಿಷಯದಲ್ಲಿ ಅಷ್ಟು ಚುರುಕಲ್ಲ. ಹಾಗಾಗಿ ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗೆ ಸೇರಿ ಒಂದೇ ಬಣ್ಣದ ಲೆಕ್ಕ ಇಟ್ಟುಕೊಂಡರೆ ಸಾಕಾಗುತ್ತದೆ. ಇಷ್ಟರಲ್ಲೇ ಅರ್ಧ ಭಾರ ಇಳಿಯಿತು.

ಆಮೇಲೆ ಚಿತ್ರವನ್ನು ಎಂಟು ಅಡ್ಡ, ಎಂಟು ಉದ್ದದ ಪುಟ್ಟ ಚೌಕಗಳಾಗಿ ಕತ್ತರಿಸುತ್ತಾರೆ. ಒಂದು ಚೌಕದಲ್ಲಿ 64 ಅಂಕಿ. ಡಿಸಿಟಿ ಇವನ್ನು ಬೇರೆ 64 ಅಂಕಿಗಳಾಗಿ ಮಾರ್ಪಡಿಸುತ್ತದೆ: ಮೊದಲನೆಯದು ಇಡೀ ಚೌಕದ ಸರಾಸರಿ ಬೆಳಕನ್ನು ಹೇಳಿದರೆ, ಮುಂದಿನವು ನಿಧಾನದ ಏರಿಳಿತಗಳನ್ನು, ಕೊನೆಯವು ಕೂದಲೆಳೆಯಂಥ ಸೂಕ್ಷ್ಮ ಗೆರೆಗಳನ್ನು ಹೇಳುತ್ತವೆ. ಈ ಹಂತದಲ್ಲಿ ಎಸೆದದ್ದೇನೂ ಇಲ್ಲ, ಎಸೆಯಬಹುದಾದದ್ದು ಒಂದು ಮೂಲೆಗೆ ಬಂದಿದೆ ಅಷ್ಟೆ.

ಎಸೆಯುವ ಕೆಲಸ ಭಾಗಾಕಾರದ್ದು. 64 ಅಂಕಿಗಳಿಗೂ ಒಂದೊಂದು ಭಾಜಕವಿರುವ ಕೋಷ್ಟಕವೊಂದನ್ನು ಮಾನದಂಡದ ಜೊತೆಗೇ ಮಾದರಿಯಾಗಿ ಕೊಟ್ಟಿದ್ದಾರೆ. ಅದರ ಮೊದಲ ಸಾಲಿನ ನಾಲ್ಕನೆಯ ಭಾಜಕ 16, ಆರನೆಯದು 40. ನಾಲ್ಕನೆಯ ಜಾಗದಲ್ಲಿ 37 ಇತ್ತೆನ್ನಿ. 16ರಿಂದ ಭಾಗಿಸಿದರೆ 2.3, ಹತ್ತಿರದ ಪೂರ್ಣಾಂಕ 2. ಚಿತ್ರ ತೆರೆಯುವಾಗ 2ನ್ನು ಮತ್ತೆ 16ರಿಂದ ಗುಣಿಸಿದರೆ 32 ಬರುತ್ತದೆ. 37 ಹೋಗಿ 32 ಆದದ್ದು ಕಣ್ಣಿಗೆ ಬೀಳುವುದಿಲ್ಲ. ಆರನೆಯ ಜಾಗದಲ್ಲಿ 9 ಇತ್ತೆನ್ನಿ. 40ರಿಂದ ಭಾಗಿಸಿದರೆ 0.2, ಅಂದರೆ ಸೊನ್ನೆ. ಆ ಗೆರೆ ಹೋದದ್ದು ಹೋಯಿತು, ಇನ್ನು ಯಾರೂ ವಾಪಸು ತರಲಾರರು. ಹೀಗೆ ಸಾಲುಸಾಲಾಗಿ ಬರುವ ಸೊನ್ನೆಗಳನ್ನು ಒಂದೊಂದಾಗಿ ಬರೆಯುವ ಬದಲು ‘ಇಷ್ಟು ಸೊನ್ನೆ’ ಎಂದು ಒಂದೇ ಸಲ ಬರೆದಿಟ್ಟರೆ ಫೈಲು ಚಿಕ್ಕದಾಗುತ್ತದೆ.

ತಂತ್ರಾಂಶದಲ್ಲಿ ಕಾಣುವ ‘ಗುಣಮಟ್ಟ’ದ ಅಂಕಿ ಈ ಭಾಜಕಗಳನ್ನು ಹಿಗ್ಗಿಸಿ ಕುಗ್ಗಿಸುವ ಹಿಡಿಕೆ. ಬಹಳ ತಂತ್ರಾಂಶಗಳು ನೆಚ್ಚಿಕೊಂಡಿರುವ ಲಿಬ್‌ಜೆಪೆಗ್ ಲೆಕ್ಕದಲ್ಲಿ 50 ಎಂದರೆ ಮೂಲ ಕೋಷ್ಟಕ, 75 ಎಂದರೆ ಭಾಜಕಗಳೆಲ್ಲ ಅರ್ಧ, 25 ಎಂದರೆ ದುಪ್ಪಟ್ಟು. ಅದನ್ನು ಶೇಕಡಾ ಎಂದುಕೊಳ್ಳುವವರೇ ಹೆಚ್ಚು, ಅಲ್ಲ. ಫೋಟೋಶಾಪ್‌ನಲ್ಲಿ ಇದೇ ಹಿಡಿಕೆ 0ಯಿಂದ 12ರವರೆಗೆ ಇರುತ್ತದೆ.

ಈಗ ತೊಡಕು ನೋಡಿ. ಹಿಡಿಕೆ ಇರುವುದು ಭಾಜಕಕ್ಕೆ, ಷರತ್ತು ಇರುವುದು ಕೆಬಿಗೆ. ಭಾಗಿಸಿದ ಮೇಲೆ ಎಷ್ಟು ಸೊನ್ನೆ ಬೀಳುತ್ತದೆ ಎಂಬುದು ಚಿತ್ರದ ಮೇಲೆ ನಿಂತಿದೆ. ಬರಿ ಆಕಾಶದ ಫೋಟೋ 75ರಲ್ಲಿ ಸುಲಭವಾಗಿ ಕುಗ್ಗುತ್ತದೆ. ಎಲೆ ಎಲೆಯೂ ಬೇರೆ ಕಾಣುವ ಕಾಡಿನ ಫೋಟೋ ಅದೇ 75ರಲ್ಲಿ ಹಲವು ಪಟ್ಟು ದೊಡ್ಡದಾಗಿ ಕೂರುತ್ತದೆ. ಹಾಗಾಗಿ ‘100 ಕೆಬಿ ಮಾಡಿಕೊಡು’ ಎಂದರೆ ತಂತ್ರಾಂಶ ಮಾಡುವುದು ಊಹೆಯನ್ನೇ. ಮೊದಲು 50ರಲ್ಲಿ ಕುಗ್ಗಿಸಿ ನೋಡುತ್ತದೆ. ದೊಡ್ಡದಾಯಿತೇ, 25. ಚಿಕ್ಕದಾಯಿತೇ, 37. ಕೆಳಗೆ, ಮೇಲೆ, ಮತ್ತೆ ನಡುವೆ, ನಿಘಂಟಿನಲ್ಲಿ ಪದ ಹುಡುಕುವವರು ಹಾಳೆ ಮಗುಚುವ ಹಾಗೆ. 1ರಿಂದ 100ರೊಳಗೆ ಹೀಗೆ ಹುಡುಕಲು ಏಳು ಪ್ರಯತ್ನ ಸಾಕು. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವುದರಿಂದ ನಮಗೆ ತಿಳಿಯುವುದಿಲ್ಲ.

ಹುಡುಕಾಟ ಎಷ್ಟೇ ಜಾಣತನದ್ದಾದರೂ 1.2 ಕೋಟಿ ಪಿಕ್ಸೆಲ್ ಇಟ್ಟುಕೊಂಡು 100 ಕೆಬಿಗೆ ಹಠ ಹಿಡಿದರೆ ಚಿತ್ರ ಕೆಟ್ಟೇ ಕೆಡುತ್ತದೆ. 100 ಕೆಬಿ ಎಂದರೆ ಎಂಟು ಲಕ್ಷ ಬಿಟ್. ಹಂಚಿದರೆ ಒಂದೊಂದು ಚೌಕದ ಪಾಲಿಗೆ ನಾಲ್ಕು ಬಿಟ್ ಚಿಲ್ಲರೆ; ಸರಾಸರಿ ಬೆಳಕನ್ನು ಬರೆಯುವಷ್ಟರಲ್ಲೇ ಖರ್ಚಾಗಿ ಹೋಗುತ್ತದೆ. ಮುಖದ ಮೇಲೆ ಚೌಕಚೌಕ ಕಾಣುವುದು ಆಗಲೇ. ಅದೇ ಫೋಟೋವನ್ನು ಮೊದಲು 1200 ಅಡ್ಡ, 900 ಉದ್ದಕ್ಕೆ ಇಳಿಸಿದರೆ ಒಂದು ಚೌಕಕ್ಕೆ 47 ಬಿಟ್ ಸಿಗುತ್ತದೆ, ಧಾರಾಳ. ಲೇಖನದ ನಡುವೆ ಕೂರುವ ಚಿತ್ರಕ್ಕೆ ಅಷ್ಟು ಅಗಲ ಬೇಕಾದಷ್ಟಾಯಿತು. ಅಳತೆ ಮೊದಲು, ಗುಣಮಟ್ಟ ಆಮೇಲೆ: ಈ ಕ್ರಮ ತಪ್ಪಿದ ಫೋಟೋಗಳನ್ನು ಸುದ್ದಿತಾಣಗಳಲ್ಲೂ ದಿನವೂ ನೋಡುತ್ತೇವೆ. ಜೊತೆಗೆ ಫೈಲಿನೊಳಗೆ ಅಡಗಿ ಕೂತ ಕ್ಯಾಮೆರಾದ ವಿವರ, ಪುಟಾಣಿ ಪ್ರತಿಚಿತ್ರ, ಫೋಟೋ ತೆಗೆದ ಜಾಗದ ಅಕ್ಷಾಂಶ-ರೇಖಾಂಶಗಳನ್ನೂ ಕಿತ್ತುಹಾಕುವುದು ಒಳ್ಳೆಯದು. ಕೆಬಿಯೂ ಉಳಿಯುತ್ತದೆ, ಮನೆ ಎಲ್ಲಿದೆಯೆಂದು ಊರಿಗೆಲ್ಲ ಡಂಗುರ ಸಾರಿದಂತೆಯೂ ಆಗುವುದಿಲ್ಲ.

ಕಾರ್ಯಕ್ರಮದ ಪೋಸ್ಟರು, ಲಗ್ನಪತ್ರಿಕೆಗಳ ಕಥೆ ಬೇರೆ. ಅಕ್ಷರದ ಅಂಚಿನಲ್ಲಿ ಕಪ್ಪು ಥಟ್ಟನೆ ಬಿಳಿಯಾಗುತ್ತದೆ. ಜೆಪೆಗ್ ಸೊನ್ನೆ ಮಾಡುವ ಸೂಕ್ಷ್ಮ ಅಂಕಿಗಳೇ ಅಲ್ಲಿ ಜೀವಾಳ. ಅವು ಹೋದರೆ ಒತ್ತಕ್ಷರದ ಸುತ್ತ ಬೂದು ಧೂಳು ಕವಿದಂತಾಗಿ ‘ಕ್ಷ್ಮಿ’ಯಂಥದ್ದನ್ನು ಓದಲು ತಡಕಾಡಬೇಕಾಗುತ್ತದೆ. ಬರಹವೇ ತುಂಬಿರುವ ಚಿತ್ರಕ್ಕೆ ಏನನ್ನೂ ಎಸೆಯದ ಪಿಎನ್‌ಜಿ ವಾಸಿ.

ಕೆಲವು ಅರ್ಜಿಗಳಲ್ಲಿ ಫೋಟೋ 20 ಕೆಬಿಗಿಂತ ಕಡಿಮೆಯೂ ಇರಬಾರದು ಎಂದಿರುತ್ತದೆ. ಕುಗ್ಗಿದ ಫೋಟೋವನ್ನೇ ಮತ್ತೆ ಗುಣಮಟ್ಟ 100ರಲ್ಲಿ ಉಳಿಸಿದರೆ ಕೆಬಿ ಏರುತ್ತದೆ, ಅರ್ಜಿಯೂ ಒಳಗೆ ಹೋಗುತ್ತದೆ. ಹೋದ ಗೆರೆ ಮಾತ್ರ ಒಂದೂ ಮರಳಿರುವುದಿಲ್ಲ. ತೂಕ ನೋಡಿ ಮುಖದ ಸ್ಪಷ್ಟತೆ ಅಳೆಯುವ ಇಂಥ ನಿಯಮ ಯಾಕಿದೆಯೋ!

ಊಹೆಯ ಗೋಜಿಲ್ಲದೆ ಕೇಳಿದಷ್ಟೇ ಬೈಟಿಗೆ ಚಿತ್ರವನ್ನು ಕತ್ತರಿಸಿಕೊಡುವ ವಿದ್ಯೆಯೂ ಇದೆ. ಅದರ ಹೆಸರು ಜೆಪೆಗ್ 2000. ಅದರಲ್ಲಿ ಮುಖ್ಯವಾದ ವಿವರವನ್ನು ಮೊದಲು, ಸಣ್ಣಪುಟ್ಟದ್ದನ್ನು ಆಮೇಲೆ ಜೋಡಿಸಿಡಬಹುದು. ಬೇಕಾದಲ್ಲಿ ತುಂಡರಿಸಿದರೆ ಮುಗಿಯಿತು. ಬ್ರೌಸರುಗಳಲ್ಲಿ ಸಫಾರಿ ಬಿಟ್ಟರೆ ಉಳಿದ ದೊಡ್ಡವು ಅದಕ್ಕೆ ಮಣೆ ಹಾಕಲಿಲ್ಲ. ಅದು ನೆಲೆ ಕಂಡದ್ದು ಚಿತ್ರಮಂದಿರಗಳಲ್ಲಿ. ಡಿಜಿಟಲ್ ಸಿನಿಮಾದ ಮೂಲ ಮಾನದಂಡದ ಪ್ರಕಾರ ಚಿತ್ರದ ಹರಿವು ಸೆಕೆಂಡಿಗೆ 250 ಮೆಗಾಬಿಟ್ ದಾಟುವಂತಿಲ್ಲ. ಸೆಕೆಂಡಿಗೆ 24 ಫ್ರೇಮಿನಂತೆ ಹಂಚಿದರೆ ಒಂದು ಫ್ರೇಮಿಗೆ ಹೆಚ್ಚೆಂದರೆ 1.3 ಎಂಬಿ. ಪರದೆಯ ಮೇಲೆ ಓಡುವ ಒಂದೊಂದು ಫ್ರೇಮೂ ಆ ಮಿತಿಯೊಳಗೆ ಕುಗ್ಗಿದ ಒಂದು ಫೋಟೋ.