ಒಂದು ದಿನದಲ್ಲಿ ಕಂಡ ಫಿಲಡೆಲ್ಫಿಯಾ

ಅಮೆರಿಕವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ನ್ಯೂಯಾರ್ಕಿನ ಗಗನಚುಂಬಿ ಕಟ್ಟಡಗಳು. ಆದರೆ ಆ ದೇಶ ತನ್ನ ಸ್ವಾತಂತ್ರ್ಯವನ್ನು ಘೋಷಿಸಿದ ಊರು ಅದಲ್ಲ. ಅಲ್ಲಿಂದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ ಪ್ರಯಾಣ ಮಾಡಿದರೆ ಸಿಗುವ ಫಿಲಡೆಲ್ಫಿಯಾವೇ ಆ ಊರು. ನಮಗೆ ದೊರೆತ ಕಾಲಾವಕಾಶ ಒಂದೇ ದಿನ. ಚಾರಿತ್ರಿಕ ಸ್ಥಳಗಳಲ್ಲಿ ಹೆಚ್ಚಿನವು ಹತ್ತಿರ ಹತ್ತಿರವೇ ಇರುವುದರಿಂದ ನಡೆದೇ ನೋಡಿದೆವು.

ಡೆಲವೇರ್ ಮತ್ತು ಸ್ಕೂಲ್‌ಕಿಲ್ ನದಿಗಳ ನಡುವೆ 1682ರಲ್ಲಿ ಈ ನಗರವನ್ನು ಸ್ಥಾಪಿಸಿದವನು ವಿಲಿಯಂ ಪೆನ್. ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸನು ಪೆನ್ನನ ತಂದೆಗೆ ಸಲ್ಲಬೇಕಾಗಿದ್ದ ಸಾಲಕ್ಕೆ ಬದಲಾಗಿ ಈ ಪ್ರಾಂತವನ್ನು ಮಗನಿಗೆ ಕೊಟ್ಟಿದ್ದನು. ಪೆನ್ ಕ್ವೇಕರ್ ಪಂಥದವನು. ನಂಬಿಕೆಗಾಗಿ ಸೆರೆಮನೆ ಕಂಡವನು. ತನ್ನ ನೆಲದಲ್ಲಿ ಯಾರಿಗೂ ಮತದ ಕಾರಣದಿಂದ ಹಿಂಸೆಯಾಗಬಾರದೆಂಬುದು ಅವನ ಆಸೆ. ಗ್ರೀಕ್ ಭಾಷೆಯಲ್ಲಿ ಊರಿನ ಹೆಸರಿಗೆ 'ಸೋದರಪ್ರೇಮ' ಎಂದು ಅರ್ಥ. ಬೀದಿಗಳು ಚದುರಂಗದ ಮಣೆಯಂತೆ ನೇರವಾಗಿವೆ. ಒಂದು ದಿಕ್ಕಿನ ಹಲವು ಬೀದಿಗಳಿಗೆ ಚೆಸ್ಟ್‌ನಟ್, ವಾಲ್‌ನಟ್, ಪೈನ್ ಎಂದು ಮರಗಳ ಹೆಸರು, ಅಡ್ಡಬೀದಿಗಳಿಗೆ ಸಂಖ್ಯೆ. ಹೊಸಬರಿಗೂ ದಾರಿ ತಪ್ಪುವ ಭಯವಿಲ್ಲ.

ಮೊದಲು ನೋಡಿದ್ದು ಸ್ವಾತಂತ್ರ್ಯ ಭವನ. 1732ರಲ್ಲಿ ಕಟ್ಟಲಾರಂಭಿಸಿದ ಈ ಕೆಂಪು ಇಟ್ಟಿಗೆಯ ಕಟ್ಟಡಕ್ಕೆ ಅರಮನೆಯ ವೈಭವವೇನೂ ಇಲ್ಲ. ಒಳಗಿನ ಸಭಾಂಗಣದಲ್ಲಿ ಹಸಿರು ಬಟ್ಟೆ ಹೊದಿಸಿದ ಮೇಜುಗಳು, ಮರದ ಕುರ್ಚಿಗಳು, ಅಷ್ಟೆ. 1776ರ ಜುಲೈ 4ರಂದು ಸ್ವಾತಂತ್ರ್ಯ ಘೋಷಣೆ ಅಂಗೀಕಾರವಾದದ್ದು ಇದೇ ಕೋಣೆಯಲ್ಲಿ. 1787ರ ಬೇಸಿಗೆಯಲ್ಲಿ ಬಾಗಿಲು ಮುಚ್ಚಿಕೊಂಡು ಗುಟ್ಟಾಗಿ ಚರ್ಚಿಸಿ ಸಂವಿಧಾನವನ್ನು ರಚಿಸಿದ್ದೂ ಇಲ್ಲಿಯೇ. ಆ ಸಂವಿಧಾನದ ಪೀಠಿಕೆ ಆರಂಭವಾಗುವುದು 'ನಾವು' ಎಂಬ ಶಬ್ದದಿಂದ. ನಮ್ಮ ಭಾರತದ ಸಂವಿಧಾನದ ಪೀಠಿಕೆಯೂ ಹಾಗೆಯೇ ಆರಂಭವಾಗುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಆದರೆ 1787ರಲ್ಲಿ ಆ 'ನಾವು' ಎಂಬುದರೊಳಗೆ ಯಾರೆಲ್ಲ ಸೇರಿದ್ದರು? ಇದಕ್ಕೆ ಉತ್ತರ ಬೀದಿಯ ಆಚೆ ಬದಿಯಲ್ಲಿದೆ.

ಅಲ್ಲಿರುವುದು ಪ್ರಸಿದ್ಧವಾದ ಸ್ವಾತಂತ್ರ್ಯದ ಗಂಟೆ. ತೂಕ ಸುಮಾರು 940 ಕಿಲೋಗ್ರಾಂ. 1752ರಲ್ಲಿ ಲಂಡನ್ನಿನಿಂದ ಬಂದ ಗಂಟೆ ಮೊದಲ ಪರೀಕ್ಷೆಯಲ್ಲೇ ಒಡೆಯಿತು. ಪಾಸ್ ಮತ್ತು ಸ್ಟೋ ಎಂಬ ಸ್ಥಳೀಯ ಕುಶಲಕರ್ಮಿಗಳು ಅದನ್ನು ಕರಗಿಸಿ ಹೊಸದಾಗಿ ಎರಕ ಹೊಯ್ದರು. ಎಷ್ಟೋ ವರ್ಷಗಳ ಬಳಿಕ ಅದರಲ್ಲೂ ಸಣ್ಣ ಬಿರುಕು ಕಾಣಿಸಿತು. ಬಿರುಕಿನ ಅಂಚುಗಳು ಒಂದಕ್ಕೊಂದು ತಾಗಿ ಕರ್ಕಶ ಶಬ್ದ ಬರಬಾರದೆಂದು ಅದನ್ನು ಬೇಕೆಂದೇ ಅಗಲಗೊಳಿಸಿದರು. ನಾವು ಇಂದು ಕಾಣುವ ಅಗಲವಾದ ಸೀಳು ಹೀಗೆ ದುರಸ್ತಿಯಿಂದ ಆದದ್ದು! 1846ರಲ್ಲಿ ವಾಷಿಂಗ್ಟನ್ನರ ಜನ್ಮದಿನದಂದು ಬಾರಿಸಿದಾಗ ಬಿರುಕು ಮತ್ತೂ ಮೇಲಕ್ಕೆ ಹಬ್ಬಿ ಗಂಟೆ ಶಾಶ್ವತವಾಗಿ ಮೂಕವಾಯಿತು.

ನಾಡಿನಲ್ಲಿ ವಾಸಿಸುವವರೆಲ್ಲರಿಗೂ ಸ್ವಾತಂತ್ರ್ಯವನ್ನು ಸಾರಬೇಕೆಂಬ ಅರ್ಥದ ಬೈಬಲ್ ವಾಕ್ಯ ಗಂಟೆಯ ಮೇಲಿದೆ. 1830ರ ದಶಕದಲ್ಲಿ ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದವರು ಈ ವಾಕ್ಯವನ್ನು ಎತ್ತಿ ಹಿಡಿದರು. 'ಸ್ವಾತಂತ್ರ್ಯದ ಗಂಟೆ' ಎಂಬ ಹೆಸರು ಬಳಕೆಗೆ ತಂದವರೂ ಅವರೇ. ಅದಕ್ಕೆ ಮುಂಚೆ ಅದು ಬರಿಯ ಸಭಾಭವನದ ಗಂಟೆಯಾಗಿತ್ತು.

ಗಂಟೆಯ ಮಂದಿರದ ಬಾಗಿಲ ಬಳಿಯೇ ಇನ್ನೊಂದು ಸ್ಥಳವಿದೆ. 1790ರಿಂದ 1800ರವರೆಗೆ ಫಿಲಡೆಲ್ಫಿಯಾ ದೇಶದ ರಾಜಧಾನಿಯಾಗಿತ್ತು. ಆಗ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ವಾಸವಾಗಿದ್ದ ಮನೆ ಇಲ್ಲಿತ್ತು. ಅವರ ಸೇವೆಗೆ ಆ ಮನೆಯಲ್ಲಿ ಒಂಬತ್ತು ಮಂದಿ ಗುಲಾಮರಿದ್ದರು. ಹೊರಗಿನವರು ತಂದ ಗುಲಾಮರು ಆರು ತಿಂಗಳು ಇಲ್ಲಿ ನೆಲಸಿದರೆ ಬಿಡುಗಡೆ ಕೇಳಬಹುದೆಂದು ಪೆನ್ಸಿಲ್ವೇನಿಯಾದ 1780ರ ಕಾನೂನು ಹೇಳುತ್ತಿತ್ತು. ವಾಷಿಂಗ್ಟನ್ನರು ಅವಧಿ ತುಂಬುವ ಮೊದಲೇ ಅವರನ್ನು ಗಡಿಯಾಚೆಗೆ ಕಳುಹಿಸಿ ಮತ್ತೆ ಕರೆಸಿಕೊಳ್ಳುತ್ತಿದ್ದರು. ಅವರಲ್ಲೊಬ್ಬಳು ಓನಾ ಜಡ್ಜ್ ಎಂಬ ತರುಣಿ. 1796ರ ಮೇ ತಿಂಗಳಲ್ಲಿ ಒಂದು ದಿನ ಯಜಮಾನರು ಊಟಕ್ಕೆ ಕುಳಿತಿದ್ದಾಗ ಅವಳು ಮೆಲ್ಲನೆ ಹೊರಬಿದ್ದು, ಹಡಗು ಹತ್ತಿ ನ್ಯೂ ಹ್ಯಾಂಪ್‌ಶೈರಿಗೆ ಹೋದಳು. ಹಿಂದಕ್ಕೆ ಕರೆತರಲು ಯತ್ನಿಸಿದರೂ ಅವಳು ಬರಲಿಲ್ಲ. ಕಾನೂನಿನ ದೃಷ್ಟಿಯಲ್ಲಿ ಗುಲಾಮಳಾಗಿಯೇ ಉಳಿದು 1848ರಲ್ಲಿ ತೀರಿಕೊಂಡಳು. ದೇಶದಾದ್ಯಂತ ಗುಲಾಮಗಿರಿ ರದ್ದಾದದ್ದು 1865ರಲ್ಲಿ. 2007ರ ಉತ್ಖನನದಲ್ಲಿ ಈ ಮನೆಯ ತಳಪಾಯ ಕಾಣಿಸಿತು. 2010ರಲ್ಲಿ ಅಲ್ಲಿ ಸ್ಮಾರಕವನ್ನು ತೆರೆದರು.

ಹತ್ತಿರದಲ್ಲೇ ಬೆಂಜಮಿನ್ ಫ್ರಾಂಕ್ಲಿನ್ನರ ಸಮಾಧಿಯಿದೆ. ಜನ ಅದರ ಮೇಲೆ ಚಿಲ್ಲರೆ ನಾಣ್ಯ ಎಸೆಯುವ ವಾಡಿಕೆಯಿದೆ. ಗುಲಾಮರನ್ನು ಇಟ್ಟುಕೊಂಡಿದ್ದ ಈ ಮಹನೀಯರು ಕೊನೆಗಾಲದಲ್ಲಿ ಮನಸ್ಸು ಬದಲಿಸಿ, 1790ರಲ್ಲಿ ಸಾಯುವುದಕ್ಕೆ ಸುಮಾರು ಎರಡು ತಿಂಗಳ ಮೊದಲು, ಗುಲಾಮಗಿರಿಯ ವಿರುದ್ಧ ಸಂಸತ್ತಿಗೆ ಮನವಿ ಸಲ್ಲಿಸಿದರು. ಸಂಜೆ ಎಲ್‌ಫ್ರೆತ್ ಓಣಿಯ ಹಳೆಯ ಪುಟ್ಟ ಮನೆಗಳನ್ನೂ, ನಗರ ಸಭಾಭವನದ 167 ಮೀಟರ್ ಎತ್ತರದ ಗೋಪುರದ ಮೇಲೆ ನಿಂತ ಪೆನ್ನನ ಪ್ರತಿಮೆಯನ್ನೂ ನೋಡಿದೆವು. ಆ ಪ್ರತಿಮೆಯ ಟೊಪ್ಪಿಗೆಗಿಂತ ಎತ್ತರವಾಗಿ ಯಾರೂ ಕಟ್ಟಬಾರದೆಂಬ ಅಲಿಖಿತ ಒಪ್ಪಂದ 1980ರ ದಶಕದವರೆಗೂ ನಡೆದುಬಂದಿತ್ತು.

ಪ್ರವಾಸಿಗಳು ಸಾಮಾನ್ಯವಾಗಿ ಗಂಟೆಯ ಮುಂದೆ ನಿಂತು ಚಿತ್ರ ತೆಗೆಸಿಕೊಂಡು ಹಿಂದಿರುಗುತ್ತಾರೆ. ಮುಂದೆಂದಾದರೂ ನಮ್ಮ ಶಾಲೆಯ ವಿದ್ಯಾರ್ಥಿಗಳು ಅಲ್ಲಿಗೆ ಹೋದರೆ, ಬಾಗಿಲ ಹೊರಗಿನ ಆ ತಳಪಾಯದ ಬಳಿಯೂ ಹತ್ತು ನಿಮಿಷ ನಿಲ್ಲಲಿ. ಸ್ವಾತಂತ್ರ್ಯವನ್ನು ಘೋಷಿಸಿದ ಭವನಕ್ಕೂ ಓನಾ ಓಡಿಹೋದ ಮನೆಗೂ ನಡುವಿನ ದೂರ ಎಷ್ಟು ಕಡಿಮೆಯೆಂಬುದು ನಡೆದು ನೋಡಿದಾಗಲೇ ತಿಳಿಯುತ್ತದೆ.